ಬಂಗಾರದ ಕೂದಲಿನ ಟ್ಯಾಬಿತಾ

"ಓದ್ಲಾ? ಜೋರಾಗಿ ಓದ್ಲಾ?" ಎಂದ ಡೆಕ್ಲನ್.

"ಬೇಡ," ಎಂದಳು ಅಬೀನಾ.

ಆದರೆ ಡೆಕ್ಲನ್ ಕೇಳುವವನಲ್ಲ. ಶಾಲೆಯ ಸೈಕಲ್ ಶೆಡ್ಡಿನ ಹಿಂದೆ ಐದಾರು ಮಕ್ಕಳು ಅವನನ್ನು ಮುತ್ತಿಕೊಂಡಿದ್ದರು. ಅವನ ಕೈಯಲ್ಲಿ ಅಣ್ಣನ ಫೋನು. ಅದರೊಳಗೆ ಅಬೀನಾಳ ಫೋಟೊ. ತಲೆಗೆ ಹಳೇ ಕಾಲದ ಬಿಳಿ ಟೋಪಿ, ಮೈಮೇಲೆ ಬೂದು ಬಣ್ಣದ ಉದ್ದ ಲಂಗ. ಫೋಟೊದ ಕೆಳಗೆ 'ನಮ್ಮ ಹೊಸ ಟ್ಯಾಬಿತಾ' ಎಂದು ಸಿನಿಮಾದವರು ಬರೆದಿದ್ದರು. ಅದರ ಕೆಳಗೆ ಉಳಿದ ಜನ ಬರೆದದ್ದು.

"'ಟ್ಯಾಬಿತಾಗೆ ಇರೋದು ಬಂಗಾರದ ಬಣ್ಣದ ಕೂದಲು. ಈ ಸಿನಿಮಾದವ್ರಿಗೆ ಪುಸ್ತಕ ಓದೋಕೆ ಬರಲ್ವಾ?' ಅಬ್ಬಾ, ಇದಕ್ಕೆ ಎಷ್ಟು ಲೈಕ್ಸ್ ನೋಡ್ರೋ! ಇನ್ನೊಂದು ಕೇಳಿ. 'ನಮ್ಮ ಟ್ಯಾಬಿತಾನ ಹಾಳು ಮಾಡಿಬಿಟ್ರು.' ಆಮೇಲೆ ಇದು…"

ಡೆಕ್ಲನ್‌ನ ಕಣ್ಣು ಸಾಲಿನ ಮೇಲೆ ಓಡಿತು. ಬಾಯಿ ತೆರೆದವನು ಹಾಗೇ ಮುಚ್ಚಿದ. ಫೋನನ್ನು ಜೇಬಿಗೆ ಹಾಕಿಕೊಂಡು, "ಇದು ಬೇಡ ಬಿಡು," ಎಂದ.

ಅವನು ಓದಿದ್ದಕ್ಕಿಂತ ಓದದೆ ಬಿಟ್ಟದ್ದೇ ಅಬೀನಾಳ ತಲೆಯಲ್ಲಿ ಉಳಿದುಬಿಟ್ಟಿತು.

ಅವಳು ಕೇಟ್ಲಿನ್ ಕಡೆ ನೋಡಿದಳು. ಕೇಟ್ಲಿನ್ ಅವಳ ಪ್ರಾಣದ ಗೆಳತಿ. ಡೆಕ್ಲನ್‌ಗೆ ಸರಿಯಾಗಿ ಬುದ್ಧಿ ಹೇಳಬಲ್ಲವಳು ಇಡೀ ತರಗತಿಯಲ್ಲಿ ಅವಳೊಬ್ಬಳೇ. ಆದರೆ ಈಗ ಅವಳು ಗೋಡೆಗೆ ಒರಗಿಕೊಂಡು, ಶೂ ತುದಿಯಿಂದ ಒಂದು ಕಲ್ಲನ್ನು ಒದೆಯುತ್ತಿದ್ದಳು.

"ನೀನಾದ್ರೂ ಏನಾದ್ರೂ ಹೇಳೇ," ಎಂದಳು ಅಬೀನಾ.

"ಏನು ಹೇಳ್ಲಿ? ಅವರು ಬರೆದಿರೋದು ಸುಳ್ಳೇನಲ್ವಲ್ಲ. ಮೂರನೇ ಅಧ್ಯಾಯದಲ್ಲಿದೆ. 'ಅವಳ ಕೂದಲು ಹೊಸ ಗೋಧಿಯ ಹಾಗಿತ್ತು.' ನೀನೇ ಓದಿದ್ದೀಯಲ್ಲ."

"ಹೌದು, ಆದ್ರೆ…"

"ಆದ್ರೆ ಏನು? ನಿನ್ನನ್ನ ತಗೊಂಡಿದ್ದು ನಿನ್ನ ಬಣ್ಣಕ್ಕೋಸ್ಕರ ಅಬೀನಾ. ಕಪ್ಪು ಬಣ್ಣದೋರೂ ಇರ್ಬೇಕು ಅಂತ ಈಗಿನ ಸಿನಿಮಾದವ್ರು ಹಾಗೇ ಮಾಡ್ತಾರಂತೆ. ನಮ್ಮಮ್ಮ ಹೇಳಿದ್ರು. ಎಲ್ರಿಗೂ ಗೊತ್ತು. ನಿನಗೊಬ್ಬಳಿಗೇ ಗೊತ್ತಿಲ್ಲ."

ಗಂಟೆ ಹೊಡೆಯಿತು. ಮಕ್ಕಳೆಲ್ಲ ಒಳಗೆ ಓಡಿದರು. ಕೇಟ್ಲಿನ್ ಕೂಡ ಓಡಿದಳು, ಹಿಂತಿರುಗಿ ನೋಡದೆ.

ಲಿವರ್‌ಪೂಲಿನಲ್ಲಿ ಟ್ಯಾಬಿತಾಳ ಕತೆ ಗೊತ್ತಿಲ್ಲದ ಮನೆಯೇ ಇಲ್ಲ. ತುಂಬಾ ಹಳೆಯ ಕಾದಂಬರಿ ಅದು. ಹಡಗುಕಟ್ಟೆಯ ಮೇಲೆ ಯಾರೋ ಬಿಟ್ಟುಹೋದ ಹುಡುಗಿಯನ್ನು ಒಬ್ಬ ವ್ಯಾಪಾರಿ ಮನೆಗೆ ಕರೆತಂದು ಸಾಕುತ್ತಾನೆ. ಮನೆಯವರಿಗೆ ಅವಳನ್ನು ಕಂಡರೆ ಆಗುವುದಿಲ್ಲ. ಅದೇ ಕತೆಯನ್ನು ಸಿನಿಮಾ ಮಾಡುತ್ತಾರೆ, ಟ್ಯಾಬಿತಾ ಆಗಲು ಈ ಊರಿನ ಹುಡುಗಿಯೇ ಬೇಕಂತೆ ಎಂದು ಸುದ್ದಿ ಹಬ್ಬಿದಾಗ, ಊರಿನ ಅರ್ಧಕ್ಕರ್ಧ ಹುಡುಗಿಯರು ಹೋಗಿ ಸಾಲು ನಿಂತಿದ್ದರು.

ಅಬೀನಾಳನ್ನು ಕೈ ಹಿಡಿದು ಎಳೆದುಕೊಂಡು ಹೋದವಳು ಕೇಟ್ಲಿನ್. ಆ ಪುಸ್ತಕದ ಪ್ರತಿ ಪುಟವೂ ಅವಳಿಗೆ ಬಾಯಿಪಾಠ. ಕೂದಲು ಕೂಡ ಅವಳದೇ ಹೊಸ ಗೋಧಿಯ ಹಾಗಿತ್ತು. ಕೊನೆಗೆ ಪಾತ್ರ ಸಿಕ್ಕಿದ್ದು ಅಬೀನಾಗೆ. ಕೇಟ್ಲಿನ್‌ಗೆ ಸಿಕ್ಕಿದ್ದು ವ್ಯಾಪಾರಿಯ ಮನೆಗೆ ಊಟಕ್ಕೆ ಬರುವ ನೆಂಟರ ಹುಡುಗಿಯ ಪಾತ್ರ. ಒಂದೂ ಮಾತಿಲ್ಲ, ಬರೀ ನೋಡುವುದು.

ಆ ಸಂಜೆ ಅಡುಗೆಮನೆಯಲ್ಲಿ ಅಜ್ಜಿ ಆಲೂಗಡ್ಡೆ ಸುಲಿಯುತ್ತಿದ್ದರು. ಅಬೀನಾ ಅವರನ್ನು ಕರೆಯುವುದು ನ್ಯಾನ್ ಎಂದು. ನ್ಯಾನ್ ಹುಟ್ಟಿದ್ದು ಇದೇ ಬೀದಿಯಲ್ಲಿ. ಅವರ ಅಜ್ಜ ಆಫ್ರಿಕಾದ ಘಾನಾದಿಂದ ಹಡಗಿನ ಒಲೆಗೆ ಕಲ್ಲಿದ್ದಲು ಹಾಕುವ ಕೆಲಸಕ್ಕೆ ಬಂದವರು ಇಲ್ಲೇ ಉಳಿದುಬಿಟ್ಟರು. ಮನೆಯ ಕಪಾಟಿನಲ್ಲಿ ಬೈಬಲ್ಲಿನ ಪಕ್ಕದಲ್ಲೇ ಟ್ಯಾಬಿತಾಳ ಪುಸ್ತಕವಿದೆ. ನ್ಯಾನ್ ಅದನ್ನು ಓದಿ ಓದಿ ಅದರ ಬೆನ್ನು ಕಿತ್ತುಹೋಗಿದೆ.

"ನ್ಯಾನ್, ಒಂದು ಕೇಳ್ಲಾ?"

"ಕೇಳು ಮರಿ."

"ನೀವು ಟ್ಯಾಬಿತಾ ಕತೆ ಓದುವಾಗ ಕಣ್ಮುಂದೆ ಅವಳು ಬರ್ತಾಳಲ್ಲ, ಹೇಗಿರ್ತಾಳೆ?"

ನ್ಯಾನ್ ಕೈಯಲ್ಲಿದ್ದ ಚಾಕು ನಿಂತಿತು.

"ನಿಜ ಹೇಳ್ಲಾ, ಸುಳ್ಳು ಹೇಳ್ಲಾ?"

"ನಿಜ."

"ಬಂಗಾರದ ಕೂದಲು. ಹಾಲಿನಂಥ ಮುಖ. ನಿನ್ನಷ್ಟಿರುವಾಗಿಂದ ಅವಳೇ ಬರೋದು. ನಿನಗೆ ಪಾರ್ಟು ಸಿಕ್ಕ ಮೇಲೂ ಒಂದಿನ ಪುಸ್ತಕ ತೆಗೆದು ನೋಡ್ದೆ. ಆಗ್ಲೂ ಅವಳೇ ಬಂದ್ಲು." ನ್ಯಾನ್ ಒಂದು ಉಸಿರು ಬಿಟ್ಟರು. "ಅದನ್ನ ಬರೆದ ಮಹಾರಾಯರು ನನ್ನಂಥೋಳನ್ನ ನೋಡೇ ಇರ್ಲಿಲ್ಲವೋ ಏನೋ. ನಾನು ಮಾತ್ರ ಅವಳನ್ನ ನೋಡ್ಕೊಂಡೇ ಬೆಳೆದೆ."

ಡೆಕ್ಲನ್ ಸರಿ. ಕೇಟ್ಲಿನ್ ಸರಿ. ಫೋನಿನಲ್ಲಿ ಬರೆದವರೂ ಸರಿ. ನ್ಯಾನ್ ಕೂಡ ಅದನ್ನೇ ಹೇಳುತ್ತಿದ್ದಾರೆ.

"ಹಾಗಾದ್ರೆ ನಾನು ಮಾಡಲ್ಲ."

"ಏನಂದೆ?"

"ನಾನು ಶೂಟಿಂಗ್‌ಗೆ ಹೋಗಲ್ಲ!"

ಅಷ್ಟರಲ್ಲಿ ಅಮ್ಮ ಬಂದಳು. ಅವಳು ಬಸ್ ಓಡಿಸುತ್ತಾಳೆ. ಸಮವಸ್ತ್ರದ ಕೋಟನ್ನೂ ಬಿಚ್ಚದೆ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

"ನಿನಗೆ ಬೇಡ ಅಂದ್ರೆ ಬೇಡ. ನಾಳೆ ಬೆಳಗ್ಗೆ ಫೋನ್ ಮಾಡಿ ಹೇಳಿಬಿಡ್ತೀನಿ. ಸಿನಿಮಾದವ್ರು ಕೂಗಾಡಿದ್ರೆ ನಾನು ನೋಡ್ಕೋತೀನಿ."

"ನೀನು ಫೋನ್ ಮಾಡಿದ್ರೆ," ಎಂದರು ನ್ಯಾನ್ ಮತ್ತೆ ಚಾಕು ಎತ್ತಿಕೊಂಡು, "ಇವತ್ತಿಂದ ನಿಮ್ಮಿಬ್ಬರಿಗೂ ನೀವೇ ಬೇಯಿಸ್ಕೊಳ್ಳಿ."

"ಈಗ್ತಾನೆ ನೀವೇ ಹೇಳಿದ್ರಲ್ಲ, ನಾನು ಟ್ಯಾಬಿತಾ ಥರ ಇಲ್ಲ ಅಂತ!"

"ನನ್ನ ಕಣ್ಣಿಗೆ ಏನು ಬರುತ್ತೆ ಅಂತ ಕೇಳ್ದೆ, ಹೇಳ್ದೆ. ನೀನು ಮಾಡಬಾರ್ದು ಅಂತ ನಾನು ಯಾವಾಗ ಅಂದೆ?"

ಅಬೀನಾ ಮೆಟ್ಟಿಲು ದಡದಡ ಹತ್ತಿ ಕೋಣೆಗೆ ಹೋದಳು. ಬೆಳಗ್ಗೆ ಅಮ್ಮ ಫೋನ್ ಹಿಡಿದು, "ಮಾಡ್ಲಾ?" ಎಂದು ಕೇಳಿದಾಗ ಅವಳಿಗೆ ಹೂಂ ಎನ್ನಲೂ ಆಗಲಿಲ್ಲ, ಊಹೂಂ ಎನ್ನಲೂ ಆಗಲಿಲ್ಲ. ಹಾಗೇ ದಿನ ಕಳೆದು ಶೂಟಿಂಗಿನ ದಿನ ಬಂದೇಬಿಟ್ಟಿತು.

ದೊಡ್ಡ ಚರ್ಚಿನ ಹಿಂದಿನ ಬೀದಿಯನ್ನು ಸಿನಿಮಾದವರು ಹಳೆಯ ಕಾಲಕ್ಕೆ ಕೊಂಡೊಯ್ದಿದ್ದರು. ಕಾರುಗಳಿಲ್ಲ. ಕಲ್ಲುಹಾಸಿನ ಮೇಲೆ ಕಾಗದದ ಹಿಮ. ಒಂದು ಎತ್ತರದ ಮನೆಯೊಳಗೆ ವ್ಯಾಪಾರಿಯ ಮನೆಯ ನಡುಕೋಣೆ. ಅಲ್ಲಿ ಮೇಣದ ಬತ್ತಿಗಳು, ಉದ್ದನೆಯ ಪರದೆಗಳು, ಅದರ ನಡುವೆ ಕ್ಯಾಮೆರಾ, ವೈರುಗಳು, ದೀಪಗಳು.

ಮಕ್ಕಳ ಜೊತೆ ಮನೆಯವರೊಬ್ಬರು ಇರಲೇಬೇಕೆಂದು ನಿಯಮ. ನ್ಯಾನ್ ಚರ್ಚಿಗೆ ಹೋಗುವ ಟೋಪಿ ಹಾಕಿಕೊಂಡು ಬಂದು ಮೂಲೆಯ ಕುರ್ಚಿಯಲ್ಲಿ ಕೂತರು.

ಅವತ್ತಿನ ದೃಶ್ಯ ಕತೆಯಲ್ಲೇ ಕಷ್ಟದ್ದು. ಮನೆಯೊಡತಿಯ ಮುತ್ತಿನ ಉಂಗುರ ಕಾಣೆಯಾಗುತ್ತದೆ. ಕೋಣೆಯಲ್ಲಿದ್ದವರೆಲ್ಲ ತಿರುಗಿ ಟ್ಯಾಬಿತಾಳನ್ನೇ ನೋಡುತ್ತಾರೆ. ಟ್ಯಾಬಿತಾ ಅಳುತ್ತಾ, "ನಾನು ಮುಟ್ಟಿಲ್ಲ," ಎನ್ನಬೇಕು. ಅಷ್ಟೇ.

ನೋಡುವವರ ಮುಂದಿನ ಸಾಲಿನಲ್ಲೇ ನೀಲಿ ರೇಷ್ಮೆ ಲಂಗ ತೊಟ್ಟ ಕೇಟ್ಲಿನ್ ಇದ್ದಳು. ಸೈಕಲ್ ಶೆಡ್ಡಿನ ಆ ದಿನದಿಂದ ಇಬ್ಬರಿಗೂ ಮಾತಿಲ್ಲ.

"ಮಕ್ಕಳೇ, ಅವಳೇ ಕದ್ದಿದ್ದಾಳೆ ಅನ್ನೋ ಹಾಗೆ ನೋಡ್ಬೇಕು, ಆಯ್ತಾ?" ಎಂದಳು ನಿರ್ದೇಶಕಿ ಇಮೋಜೆನ್. "ಕ್ಯಾಮೆರಾ… ಆಕ್ಷನ್!"

"ಅಯ್ಯೋ, ನನ್ನ ಉಂಗುರ!" ಎಂದಳು ಒಡತಿಯ ಪಾತ್ರದವಳು.

ಎಲ್ಲರೂ ತಿರುಗಿದರು. ಕೇಟ್ಲಿನ್ ಕೂಡ ತಿರುಗಿದಳು. ಅವಳ ಕಣ್ಣು ಗಾಜಿನ ಚೂರಿನ ಹಾಗೆ ಹೊಳೆಯಿತು. ಅದು ನಟನೆಯೋ ನಿಜವೋ ಅಬೀನಾಗೆ ತಿಳಿಯಲಿಲ್ಲ. 'ನಿನ್ನನ್ನ ತಗೊಂಡಿದ್ದು ನಿನ್ನ ಬಣ್ಣಕ್ಕೋಸ್ಕರ' ಎಂಬ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ಬಾಯಿ ತೆರೆದಳು. ದನಿ ಹೊರಡಲಿಲ್ಲ.

"ಕಟ್! ಪರವಾಗಿಲ್ಲ, ಇನ್ನೊಂದು ಸಲ."

ಇನ್ನೊಂದು ಸಲವೂ ಆಗಲಿಲ್ಲ. ಅದರ ಮುಂದಿನ ಸಲ ಮಾತು ಬಂತು, ಆದರೆ ಪಾಠ ಒಪ್ಪಿಸಿದ ಹಾಗೆ ಬಂತು. ದೀಪ ನೋಡಿಕೊಳ್ಳುವವನು, "ಇವಳ ಮುಖ ಗೋಡೆಯ ಕಪ್ಪಲ್ಲಿ ಕಳೆದುಹೋಗ್ತಿದೆ, ಆ ದೀಪ ಇನ್ನೂ ಹತ್ತಿರ ತನ್ನಿ," ಎಂದು ಕೂಗಿದ. ದೀಪ ಹತ್ತಿರ ಬಂತು. ಅಬೀನಾ ಬೆವತಳು. ಯಾರೋ ಗಡಿಯಾರ ನೋಡಿಕೊಂಡರು. ಇನ್ಯಾರೋ ಪಿಸುಗುಟ್ಟಿದರು.

ಕೊನೆಗೆ ಇಮೋಜೆನ್ ಬಂದು ಅವಳ ಎದುರು ಮಂಡಿಯೂರಿ ಕೂತಳು.

"ಏನಾಯ್ತು ಪುಟ್ಟಾ? ಆಡಿಷನ್‌ನಲ್ಲಿ ಎಷ್ಟು ಚೆನ್ನಾಗಿ ಮಾಡಿದ್ದೆ!"

"ಒಂದು ಕೇಳ್ಬೇಕು," ಎಂದಳು ಅಬೀನಾ. "ನೀವು ನನ್ನನ್ನ ತಗೊಂಡಿದ್ದು ನನ್ನ ಬಣ್ಣ ನೋಡಿನಾ?"

ಇಮೋಜೆನ್ ಮುಖ ಕೆಂಪಾಯಿತು. "ಬಣ್ಣಾನಾ? ಛೇ ಛೇ! ನಾನು ಬಣ್ಣ ನೋಡೋದೇ ಇಲ್ಲಮ್ಮ. ನನಗೆ ಕಂಡಿದ್ದು ನೀನು, ಅಷ್ಟೇ." ಬೆನ್ನು ತಟ್ಟಿ ಎದ್ದುನಿಂತಳು. "ಊಟ ಮಾಡಿ ಬಾ. ಆಮೇಲೆ ನೋಡೋಣ."

ಮಾತೇನೋ ಮೆತ್ತಗಿತ್ತು. ಆದರೆ ನೋಡುವುದೇ ಇಲ್ಲ ಅಂದರೆ ಬೆಳಗಿನಿಂದ ಆ ದೀಪಗಳನ್ನು ಅತ್ತಿತ್ತ ಸರಿಸುತ್ತಿರುವುದು ಯಾಕೆ? ಅಬೀನಾ ಮೂಲೆಯಲ್ಲಿ ಕೂತಿದ್ದ ನ್ಯಾನ್‌ರನ್ನು ನೋಡಿದಳು. ನ್ಯಾನ್ ಹೇಳಿದ್ದು ಚುಚ್ಚಿತ್ತು. ಇಮೋಜೆನ್ ಹೇಳಿದ್ದು ಚುಚ್ಚಲಿಲ್ಲ. ಆದರೂ ಈ ಮಾತಿಗಿಂತ ನ್ಯಾನ್ ಹೇಳಿದ ನಿಜವೇ ವಾಸಿ ಅನ್ನಿಸಿತು.

ಊಟ ಮುಗಿಸಿ ಮಕ್ಕಳು ಕೋಣೆಗೆ ಬಂದಾಗ ಅಲ್ಲಿ ಗಡಿಬಿಡಿ ಎದ್ದಿತ್ತು. ಸಾಮಾನುಗಳನ್ನು ನೋಡಿಕೊಳ್ಳುವ ಟ್ರೆವರ್ ಮೇಜಿನ ಕೆಳಗೆ, ಕುರ್ಚಿಯ ಕೆಳಗೆ, ಜಮಖಾನೆಯ ಕೆಳಗೆ ಹುಡುಕುತ್ತಿದ್ದ.

"ಉಂಗುರ ಕಾಣ್ತಿಲ್ಲ! ನಿಜವಾದ ಹಳೇ ಉಂಗುರ ಅದು, ಬಾಡಿಗೆಗೆ ತಂದಿರೋದು. ಇದೇ ಮೇಜಿನ ಮೇಲೆ ಇರ್ಬೇಕಿತ್ತು!"

ಒಬ್ಬಿಬ್ಬರು ನಕ್ಕರು. ಕತೆಯಲ್ಲಿ ಕಳೆದುಹೋಗುವ ಉಂಗುರ ನಿಜವಾಗಿಯೂ ಕಳೆದುಹೋದರೆ ನಗು ಬಾರದೆ ಇರುತ್ತದೆಯೇ? ಟ್ರೆವರ್‌ಗೆ ಮಾತ್ರ ನಗು ಬರಲಿಲ್ಲ. ಅವನು ಎದ್ದು ಮೈ ಕೊಡವಿಕೊಂಡ. ಸುತ್ತ ನೋಡಿದ. ಹತ್ತಾರು ಮಕ್ಕಳು ನಿಂತಿದ್ದರು. ಅವನ ಕಣ್ಣು ಎಲ್ಲರನ್ನೂ ದಾಟಿ ಬಂದು ಅಬೀನಾಳ ಮೇಲೆ ನಿಂತಿತು.

"ಪುಟ್ಟಾ," ಎಂದ, ತುಂಬಾ ಮೆದುವಾಗಿ. "ಒಂದ್ಸಲ ನಿನ್ನ ಜೇಬು ತೋರಿಸ್ತೀಯಾ?"

ಈ ಮೆದು ದನಿ ಅಬೀನಾಗೆ ಹೊಸದಲ್ಲ. ಅಂಗಡಿಗಳಲ್ಲಿ ಕೇಳಿದ್ದಳು. ಆದರೆ ಹೀಗೆ ಎಲ್ಲರೆದುರು, ಕಣ್ಣು ಕುಕ್ಕುವ ದೀಪಗಳ ನಡುವೆ ಕೇಳಿರಲಿಲ್ಲ. ಮೂಲೆಯಲ್ಲಿ ಕುರ್ಚಿ ಕಿರ್ರೆಂದಿತು. ನ್ಯಾನ್ ಎದ್ದು ನಿಂತಿದ್ದರು.

"ಅವಳ ಜೇಬು ಮಾತ್ರ ಯಾಕೆ?"

ಕೇಳಿದ್ದು ನ್ಯಾನ್ ಅಲ್ಲ. ಕೇಟ್ಲಿನ್.

ಟ್ರೆವರ್ ತಬ್ಬಿಬ್ಬಾದ. "ಏನಿಲ್ಲ… ದೃಶ್ಯದಲ್ಲಿ ಉಂಗುರ ಇವಳ ಜೇಬಲ್ಲೇ ತಾನೇ ಸಿಗೋದು? ಮರೆತು ಅಲ್ಲೇ ಇಟ್ಟಿದ್ದೀವೇನೋ ಅಂತ…"

"ಸಿಗಲ್ಲ! ಟ್ಯಾಬಿತಾ ಜೇಬಲ್ಲಿ ಉಂಗುರ ಯಾವತ್ತೂ ಸಿಗಲ್ಲ. ಹೊಲಿಗೆ ಡಬ್ಬೀಲಿ ಸಿಗುತ್ತೆ. ಒಂಬತ್ತನೇ ಅಧ್ಯಾಯ." ಕೇಟ್ಲಿನ್ ಮುಂದೆ ಬಂದಳು. "ಅವಳು ಕದ್ದೇ ಇರಲ್ಲ. ಕತೆ ಇರೋದೇ ಅದಕ್ಕೆ! ಮೇಜಿನ ಪಕ್ಕ ಕೂತಿದ್ದು ನಾನು. ನನ್ನನ್ನ ಯಾಕೆ ಕೇಳ್ಲಿಲ್ಲ?"

ಕೇಟ್ಲಿನ್ ಲಂಗದ ಎರಡೂ ಜೇಬುಗಳನ್ನು ಹೊರಗೆಳೆದಳು. ಒಂದರಿಂದ ಅರ್ಧ ತಿಂದ ಟಾಫಿ ಬಿತ್ತು.

ಅಷ್ಟರಲ್ಲಿ ಬಾಗಿಲಿನಿಂದ, "ಸಿಕ್ತು! ಸಿಕ್ತು!" ಎಂದು ಕೂಗಿಕೊಂಡು ಬಟ್ಟೆ ನೋಡಿಕೊಳ್ಳುವ ಹುಡುಗಿ ಓಡಿಬಂದಳು. ಒಡತಿಯ ಪಾತ್ರದವಳು ಊಟಕ್ಕೆ ಹೋಗುವಾಗ ಲೇಸಿನ ಕೈಗವಸು ಬಿಚ್ಚಿ ಇಟ್ಟಿದ್ದಳು. ಉಂಗುರ ಕೈಗವಸಿನ ಬೆರಳಿನೊಳಗೇ ಉಳಿದುಬಿಟ್ಟಿತ್ತು.

"ಅಬ್ಬಾ, ಬದುಕಿದೆ!" ಎಂದ ಟ್ರೆವರ್. ಆಮೇಲೆ ಅಬೀನಾಳ ಕಡೆ ತಿರುಗಿ, "ಬೇಜಾರು ಮಾಡ್ಕೋಬೇಡ ಪುಟ್ಟಾ, ನಾನು ಹಾಗಂದುಕೊಂಡು ಕೇಳ್ಲಿಲ್ಲ," ಎಂದ.

ಅಬೀನಾ ಅವನಿಂದ ಮುಖ ತಿರುಗಿಸಿದಳು. ಅಷ್ಟು ಹೊತ್ತಿನಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದು ಈಗ ಎದೆಗಿಳಿದು ಸುಡುತ್ತಿತ್ತು.

"ನಾನು ರೆಡಿ," ಎಂದಳು ಇಮೋಜೆನ್‌ಗೆ.

"ಸ್ವಲ್ಪ ಹೊತ್ತು ಸುಧಾರಿಸಿಕೋ…"

"ಬೇಡ. ಈಗಲೇ."

ಎಲ್ಲರೂ ತಂತಮ್ಮ ಜಾಗಕ್ಕೆ ಓಡಿದರು. ಬತ್ತಿಗಳು ಉರಿದವು. ಕ್ಯಾಮೆರಾ ಅವಳತ್ತ ತಿರುಗಿತು.

"ಅಯ್ಯೋ, ನನ್ನ ಉಂಗುರ!"

ಎಲ್ಲ ಮುಖಗಳೂ ತಿರುಗಿದವು. ಟ್ಯಾಬಿತಾ ಇಲ್ಲಿ ಅಳಬೇಕಿತ್ತು. ಆದರೆ ಅಬೀನಾಗೆ ಅಳು ಬರಲಿಲ್ಲ. ಅವಳು ಒಂದೊಂದೇ ಮುಖವನ್ನು ನೋಡುತ್ತಾ ಬಂದಳು. ಯಾರಿಗೂ ಅವಸರ ಮಾಡಲು ಬಿಡಲಿಲ್ಲ. ಆಮೇಲೆ, ಯಾರೂ ಕೇಳದೆಯೇ, ಲಂಗದ ಜೇಬನ್ನು ಹೊರಗೆಳೆದು ತೋರಿಸಿದಳು. ಖಾಲಿ ಜೇಬು ನಾಲಗೆಯಂತೆ ಹೊರಗೆ ನೇತಾಡಿತು.

"ನಾನು ಮುಟ್ಟಿಲ್ಲ," ಎಂದಳು.

ಜೋರಾಗಿ ಹೇಳಲಿಲ್ಲ. ಆದರೆ ಬೀದಿಯಲ್ಲಿ ಕಾಗದದ ಹಿಮ ಗುಡಿಸುತ್ತಿದ್ದವನೂ ಕಿಟಕಿಯ ಕಡೆ ತಿರುಗಿದ.

ಮುಂದಿನ ಸಾಲಿನಲ್ಲಿ ಕೇಟ್ಲಿನ್ ತಲೆ ತಗ್ಗಿಸಿದಳು.

"ಕಟ್," ಎಂದಳು ಇಮೋಜೆನ್.

"ಸ್ಕ್ರಿಪ್ಟ್‌ನಲ್ಲಿ ಅಳ್ತಾಳೆ ಅಂತ ಇತ್ತಲ್ಲ?" ಎಂದು ಯಾರೋ ಗೊಣಗಿದರು. "ಆ ನೀಲಿ ಲಂಗದ ಹುಡುಗಿ ಬೇರೆ ಕೆಳಗೆ ನೋಡಿಬಿಟ್ಲು."

"ಇರಲಿ," ಎಂದಳು ಇಮೋಜೆನ್. "ಎರಡೂ ಹಾಗೇ ಇರಲಿ."

ಅವಳು ಮತ್ತೆ ಬಂದು ಅಬೀನಾಳ ಎದುರು ಮಂಡಿಯೂರಿದಳು. ಈ ಸಲ ಬೆನ್ನು ತಟ್ಟಲಿಲ್ಲ.

"ಆಗ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡ್ಲಿಲ್ಲ."

"ಹೌದು," ಎಂದಳು ಅಬೀನಾ.

"ನೋಡ್ದೆ. ನಿನ್ನ ಬಣ್ಣಾನೂ ನೋಡ್ದೆ. ಉಂಗುರ ಕಳೆದ ತಕ್ಷಣ ಎಲ್ರೂ ಯಾರನ್ನ ನೋಡ್ತಾರೆ ಅಂತ ಯೋಚನೆ ಮಾಡ್ದೆ. ನಿನ್ನ ಹಾಗಿರೋ ಹುಡುಗಿಯರು ಆಡಿಷನ್‌ಗೆ ಇನ್ನೂ ಎಷ್ಟೋ ಜನ ಬಂದಿದ್ರು. ಆದ್ರೆ ನಿನ್ನಲ್ಲಿ…"

ಅಷ್ಟರಲ್ಲಿ ಯಾರೋ ಅವಳನ್ನು ಕರೆದರು. ಅವಳು ಎದ್ದು ಹೋದಳು. ಮಿಕ್ಕಿದ್ದು ಏನೆಂದು ಅಬೀನಾಗೆ ಗೊತ್ತಾಗಲೇ ಇಲ್ಲ.

ನ್ಯಾನ್ ಹತ್ತಿರ ಬಂದು ಅವಳ ಜೇಬನ್ನು ಒಳಗೆ ತುರುಕಿದರು. ಲಂಗದ ಸುಕ್ಕು ಬಿಡಿಸಿದರು. ಬಿಡಿಸಿದ ಸುಕ್ಕನ್ನೇ ಮತ್ತೆ ಬಿಡಿಸಿದರು. "ಹೋಗು, ಹೊರಗೆ ಗಾಳಿಗೆ ಕೂತ್ಕೋ," ಎಂದರು.

ಮನೆಯ ಮುಂದಿನ ಕಲ್ಲಿನ ಮೆಟ್ಟಿಲ ಮೇಲೆ ಕೇಟ್ಲಿನ್ ಕೂತಿದ್ದಳು. ನೀಲಿ ರೇಷ್ಮೆಯ ಮೇಲೆ ಅವಳ ಹಳೇ ಶಾಲೆಯ ಜಾಕೆಟ್. ಅಬೀನಾ ಪಕ್ಕದಲ್ಲಿ ಕೂತಳು. ಇಬ್ಬರೂ ಕಾಗದದ ಹಿಮವನ್ನು ನೋಡಿದರು.

"ನಾನು ಅವತ್ತು ಹಾಗನ್ಬಾರ್ದಿತ್ತು," ಎಂದಳು ಕೇಟ್ಲಿನ್.

"ಹೂಂ."

"ಆದ್ರೂ ಪುಸ್ತಕದಲ್ಲಿ ಬಂಗಾರದ ಕೂದಲೇ ಇರೋದು."

"ಗೊತ್ತು ಕಣೇ. ನಮ್ಮ ನ್ಯಾನ್ ಕೂಡ ಅದನ್ನೇ ಹೇಳ್ತಾರೆ."

"ಹೌದಾ? ನಿಮ್ಮ ನ್ಯಾನಾ?" ಕೇಟ್ಲಿನ್ ಕಣ್ಣರಳಿಸಿದಳು. ಆಮೇಲೆ ಕಿಸಕ್ಕೆಂದು ನಕ್ಕಳು. ಅಬೀನಾಗೂ ನಗು ಬಂತು. ನಕ್ಕ ಮೇಲೆ ಕೇಟ್ಲಿನ್ ಮೊಣಕಾಲ ಮೇಲೆ ಗಲ್ಲ ಊರಿದಳು.

"ಒಂಬತ್ತನೇ ಅಧ್ಯಾಯ ಓದುವಾಗೆಲ್ಲ ನಂಗೆ ಸಿಟ್ಟು ಬರ್ತಿತ್ತು. ಅಳಬೇಡ, ತಲೆ ಎತ್ತಿ ಹೇಳೇ ಅಂತ ಅವಳಿಗೆ ಹೇಳ್ತಿದ್ದೆ. ಮನಸ್ಸಲ್ಲೇ. ಪ್ರತಿ ಸಲ. ಅವಳು ಕೇಳ್ತಾನೇ ಇರ್ಲಿಲ್ಲ."

ಅಬೀನಾ ಅವಳ ಕಡೆಗೆ ಇನ್ನಷ್ಟು ಸರಿದು ಕೂತಳು.

ಬಾಗಿಲಲ್ಲಿ ವಾಕಿಟಾಕಿ ಹಿಡಿದ ಹೊಸ ಹುಡುಗಿಯೊಬ್ಬಳು ಕಾಣಿಸಿಕೊಂಡಳು. ಮಕ್ಕಳ ಹೆಸರು ಅವಳಿಗೆ ಇನ್ನೂ ನೆನಪಲ್ಲಿ ನಿಂತಿರಲಿಲ್ಲ.

"ಟ್ಯಾಬಿತಾ! ಟ್ಯಾಬಿತಾ ಎಲ್ಲಿ? ಬೇಗ ಬಾಮ್ಮ!"

ಮೆಟ್ಟಿಲ ಮೇಲಿದ್ದ ಇಬ್ಬರೂ ಒಟ್ಟಿಗೇ ಎದ್ದು ನಿಂತರು.

ಕೇಟ್ಲಿನ್‌ಗೆ ಕರೆದದ್ದು ತನ್ನನ್ನಲ್ಲ ಎಂದು ಮರುಕ್ಷಣವೇ ತಿಳಿಯಿತು. ಕಿವಿಯವರೆಗೂ ಕೆಂಪಾದಳು. ಏನೋ ಬಿದ್ದುಹೋಗಿದೆ ಎಂಬಂತೆ ಬಗ್ಗಿ ಮೆಟ್ಟಿಲ ಮೇಲೆ ಹುಡುಕತೊಡಗಿದಳು. ಅಲ್ಲಿ ಏನೂ ಬಿದ್ದಿರಲಿಲ್ಲ.

ಅಬೀನಾ ಬಗ್ಗಿದ ಆ ಬೆನ್ನನ್ನು ನೋಡುತ್ತಾ ನಿಂತಳು. ಅವತ್ತು ಶೆಡ್ಡಿನ ಗೋಡೆಗೆ ಒರಗಿದ್ದ ಕೇಟ್ಲಿನ್‌ಳನ್ನು ಅವಳು ಈಗ ಮೊದಲ ಸಲ ಸರಿಯಾಗಿ ನೋಡಿದ ಹಾಗಾಯಿತು.

"ಟ್ಯಾಬಿತಾ!" ಎಂದು ಬಾಗಿಲಿನಿಂದ ಮತ್ತೆ ಕೂಗು ಬಂತು.

"ಬಂದ್ವಿ!" ಎಂದಳು ಅಬೀನಾ. ಕೇಟ್ಲಿನ್‌ಳ ಕೈ ಹಿಡಿದು ಮೇಲೆಬ್ಬಿಸಿದಳು. ಇಬ್ಬರೂ ಲಂಗ ಎತ್ತಿಕೊಂಡು ಮೆಟ್ಟಿಲು ಹತ್ತಿದರು.